ಶಶಿಕುಮಾರನ ಬೀಳ್ಕೊಡುಗೆ

ದೊಡ್ಡಬಳ್ಳಾಪುರದ ರಾಮಲಿಂಗಯ್ಯನವರ ಸೀರೆ ಕಾರ್ಖಾನೆಯಲ್ಲಿ ಮುನಿಕೃಷ್ಣ ಡಿಸೈನರ್ ಕುರ್ಚಿಯ ಮೇಲೆ ಕೂತ ಮೊದಲ ದಿನವೇ ಕಂಪ್ಯೂಟರು ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಪರದೆಯ ಮೇಲೆ ಶಶಿಕುಮಾರ್ ಎಂಬ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಬರೆಯಲು ಒಂದು ಖಾಲಿ ಪಟ್ಟಿ. ಹಳೆಯ ಡಿಸೈನರ್ ಶಶಿಕುಮಾರ ಹೋದ ವಾರ ಕೆಲಸ ಬಿಟ್ಟು ನೆಲಮಂಗಲದ ಗೋದಾಮೊಂದಕ್ಕೆ ಸೇರಿಕೊಂಡಿದ್ದ. ಅವನು ಹೋದ, ಅವನ ಹೆಸರು ಹೋಗಲಿಲ್ಲ. ಕಾರ್ಖಾನೆಯ ಅಂಚು ಸೆರಗುಗಳ ಡಿಸೈನುಗಳೆಲ್ಲ ಆ ಹೆಸರಿನ ಹಿಂದೆ ಬೀಗ ಹಾಕಿಕೊಂಡು ಕೂತಿದ್ದವು.

ಅಲ್ಲಿಯವರೆಗೆ ಮುನಿಕೃಷ್ಣ ಪ್ಯಾಕಿಂಗ್ ಮೇಜಿನಲ್ಲಿ ಸೀರೆ ಮಡಚುತ್ತಿದ್ದವನು. ಮಡಚುವುದರಲ್ಲಿ ಅವನದು ಎತ್ತಿದ ಕೈ. ಎಳೆ ತಪ್ಪಿದ ಸೀರೆಯನ್ನೂ ತಪ್ಪು ಕಾಣದ ಹಾಗೆ ಮಡಚಿಡುತ್ತಿದ್ದ. ಆದರೆ ಮನುಷ್ಯ ಎಷ್ಟು ದಿನ ಅಂತ ಮಡಚಿಯಾನು? ಸಂಜೆ ಹೊತ್ತು ಕ್ಲಾಸಿಗೆ ಹೋಗಿ ಅಷ್ಟಿಷ್ಟು ಡಿಸೈನ್ ಕಲಿತ. ಶಶಿಕುಮಾರ ಬಿಟ್ಟ ದಿನವೇ ಮಾಲೀಕರ ಮುಂದೆ ನಿಂತು, "ಆ ಕೆಲ್ಸಾನ ನಾನು ಎಡಗೈಯಲ್ಲಿ ಮಾಡ್ತೀನಿ ಸಾರ್" ಅಂದುಬಿಟ್ಟ. ಹೆಂಡತಿ ಮಮತ ಆಗಲೇ ಬೀದಿಗೆಲ್ಲ ಕೇಸರಿಬಾತ್ ಹಂಚಿ, ನಮ್ಮೋರು ಈಗ ಡಿಸೈನರ್ರು ಎಂದು ಸಾರಿ ಬಂದಿದ್ದಳು. ಪಾಪ, ತಿಂದವರ ಬಾಯಲ್ಲಿ ಇನ್ನೂ ಏಲಕ್ಕಿ ವಾಸನೆ ಆರಿರಲಿಲ್ಲ.

"ವಿಜಯಪುರದ ಮದ್ವೆ ಮನೆಯೋರಿಗೆ ಆ ಹಳೇ ನವಿಲಂಚೇ ಬೇಕಂತೆ. ಮಗ್ಗ ಖಾಲಿ ನಿಂತಿದೆ" ಎಂದು ಬೆಳಿಗ್ಗೆ ರಾಮಲಿಂಗಯ್ಯ ಹೇಳಿದ್ದರು. "ಸಂಜೆಯೊಳಗೆ ಡಿಸೈನು ಮಗ್ಗಕ್ಕೆ ಹೋದ್ರೆ ಈ ಕುರ್ಚಿ ನಿಂದು. ಇಲ್ಲಾಂದ್ರೆ ಪ್ಯಾಕಿಂಗ್ ಮೇಜು ಎಲ್ಲೂ ಓಡಿಹೋಗಿಲ್ಲ ಕಣಪ್ಪ." ಅಷ್ಟು ಹೇಳಿ ಅವರು ಪೇಟೆಗೆ ಹೋದರು.

ಮುನಿಕೃಷ್ಣ ಶಶಿಕುಮಾರನ ಹೆಂಡತಿಯ ಹೆಸರು ಹೊಡೆದ. ತಪ್ಪು. ಮಗಳ ಹೆಸರು ಹೊಡೆದ. ತಪ್ಪು. ಮಗ್ಗದ ಮೆಕ್ಯಾನಿಕ್ ಕೆಂಪರಾಜು ಕೈ ಒರೆಸಿಕೊಳ್ಳುತ್ತ ಬಂದು ಹೆಗಲ ಮೇಲೆ ಬಗ್ಗಿದ.

"ಅವ್ನ ಮನೆದೇವ್ರು ಹಾಕ್ನೋಡು. ಚೌಡೇಶ್ವರಿ ಅಂತ ಹೊಡಿ."

ದೇವಿಯೂ ಕೈ ಬಿಟ್ಟಳು. ಬೈಕಿನ ನಂಬರು ಹೊಡೆದರು, ಅವನಿಗೆ ಇಷ್ಟವಾದ ಮುದ್ದೆ ಬಸ್ಸಾರನ್ನೂ ಹೊಡೆದರು. "ಹೋಗ್ಲಿ ಬಿಡು ಗುರು, ಸ್ಪ್ಯಾನರ್ ತರ್ತೀನಿ, ಬಿಚ್ಚೇ ಬಿಡಾಣ" ಅಂದ ಕೆಂಪರಾಜು.

ಬಿಲ್ಲು ಬರೆಯುವ ಅನಿತ ತನ್ನ ಜಾಗದಿಂದಲೇ, "ಅಣ್ಣಾ, ಏನೂ ಬರೀದೆ ಸುಮ್ನೆ ಎಂಟರ್ ಒತ್ತಿ ನೋಡಿ" ಅಂದಳು.

ಮುನಿಕೃಷ್ಣನಿಗೆ ರೇಗಿತು. "ಸುಮ್ನೆ ಒತ್ತಿದ್ರೆ ಬರೋಕೆ ಇದೇನು ಬೀದಿ ಬೋರ್‌ವೆಲ್ಲಾ? ನಿನ್ ಬಿಲ್ ನೀನು ನೋಡ್ಕೊಳಮ್ಮ."

ಮಧ್ಯಾಹ್ನವಾದರೂ ಬೀಗ ಬಿಡಲಿಲ್ಲ. ಕೊನೆಗೆ ಮುನಿಕೃಷ್ಣ ಮಾನ ಮರ್ಯಾದೆ ಬದಿಗಿಟ್ಟು ಶಶಿಕುಮಾರನಿಗೇ ಫೋನ್ ಮಾಡಿದ. ಶಶಿಕುಮಾರನಿಗೆ ಗೋದಾಮಿನಲ್ಲಿ ಅಂದು ವಾರದ ರಜೆ.

"ಹೇಳೋ, ಎಡಗೈ ಡಿಸೈನರ್ರು," ಅಂದ ಶಶಿಕುಮಾರ. ಆ ಮಾತು ನೆಲಮಂಗಲ ತಲುಪಿಯಾಗಿತ್ತು.

"ಪಾಸ್‌ವರ್ಡ್ ಒಂದು ಹೇಳ್ಬಿಡು ಮಾರಾಯ. ನನ್ ಕುರ್ಚಿ ಹೋಗತ್ತೆ."

"ವಾಚ್‌ಮನ್ ಕೆಲ್ಸ ಬಿಟ್ಟು ಹೋಗೋವಾಗ ಹಾರ, ಶಾಲು, ಭಾಷಣ ಎಲ್ಲಾ ಮಾಡಿದ್ರಿ. ನಾನು ಹೋಗೋವಾಗ ಗೇಟು ಕೂಡ ನಾನೇ ತೆಕ್ಕೊಂಡು ಹೋದೆ ಕಣೋ. 'ಏನಾದ್ರೂ ಕದ್ದು ಸಿಕ್ಕಾಕ್ಕೊಂಡ್ರಾ' ಅಂತ ನನ್ ಹೆಂಡ್ತಿ ಇವತ್ತಿಗೂ ಕೇಳ್ತಾಳೆ." ಅವನ ದನಿ ಒಂದು ಗಳಿಗೆ ತಗ್ಗಿತು. "ಸನ್ಮಾನ ಮಾಡಿ. ಫೋಟೋ ತೆಗೀರಿ. ಭಾಷಣ ನೀನೇ ಮಾಡ್ಬೇಕು. ಆಮೇಲೆ ನಾನೇ ಕೂತು ತೆಗ್ದು ಕೊಡ್ತೀನಿ."

ಕೇಳಿದ್ದು ನ್ಯಾಯವೇ ಆಗಿತ್ತು. ಕೆಂಪರಾಜು ಓಡಿಹೋಗಿ ಸೇವಂತಿಗೆ ಹಾರ, ಬಾಳೆಹಣ್ಣು ತಂದ. ಶಾಲು ಮರೆತು ಬಂದ. ಮುನಿಕೃಷ್ಣ ಮೂಲೆಯಲ್ಲಿದ್ದ ಡ್ಯಾಮೇಜ್ ಸೀರೆಯೊಂದನ್ನು ಎಳೆದು, ಮೊಳದುದ್ದದ ಹರುಕು ಒಳಗೆ ಸೇರಿ ಜರಿಯಂಚು ಹೊರಗೆ ಬರುವಂತೆ ಮಡಚಿದ. ಸಾಕ್ಷಾತ್ ಶಾಲು.

ನಾಲ್ಕು ಗಂಟೆಗೆ ಶಶಿಕುಮಾರ ಇಸ್ತ್ರಿ ಅಂಗಿ ತೊಟ್ಟು ಬಂದು ಕುರ್ಚಿಯಲ್ಲಿ ಮದುಮಗನ ಹಾಗೆ ಕೂತ. ಹಾರ ಬಿತ್ತು, ಶಾಲು ಹೊದಿಸಿದರು, ಅನಿತ ಮೊಬೈಲಿನಲ್ಲಿ ಫೋಟೋ ತೆಗೆದಳು. ಮುನಿಕೃಷ್ಣ ಗಂಟಲು ಸರಿಮಾಡಿಕೊಂಡ.

"ನಮ್ಮ ಶಶಿ..." ಎಂದು ಶುರುಮಾಡಿ ತಡವರಿಸಿದ. ಎರಡು ಸುಳ್ಳು ಹೇಳಿ ಮುಗಿಸೋಣವೆಂದು ನಿಂತವನಿಗೆ ಯಾಕೋ ನಿಜವೇ ಬಾಯಿಗೆ ಬಂತು. "ಮಗ್ಗ ಕೆಟ್ರೆ ಮೆಕ್ಯಾನಿಕ್ ಬರ್ತಾನೆ. ಡಿಸೈನ್ ಕೆಟ್ರೆ ಇವ್ನು ಊಟ ಬಿಟ್ಟು ಕೂರ್ತಿದ್ದ. ಆ ನವಿಲಿನ ಕತ್ತು ಸರಿಬರ್ಲಿಲ್ಲ ಅಂತ ಹಬ್ಬದ ದಿನ ಬಂದು ಕೂತಿದ್ದ. ನಾವ್ಯಾರೂ ಒಂದು ದಿನ ಚೆನ್ನಾಗಿದೆ ಅನ್ಲಿಲ್ಲ. ಎಡಗೈಯಲ್ಲಿ ಮಾಡ್ತೀನಿ ಅಂದೆ ನಾನು. ಎರಡೂ ಕೈ ಸೇರ್ಸಿದ್ರೂ ನನ್ ಕೈಲಾಗಲ್ಲ. ಇವ್ನಿಲ್ದೆ ಈ ಕಾರ್ಖಾನೆ ನಡ್ಯಲ್ಲ!" ಕೆಂಪರಾಜು ಮಗ್ಗ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಗ್ರೀಸು ಮಾಡಿಕೊಂಡ.

ಬಾಗಿಲಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ರಾಮಲಿಂಗಯ್ಯ ಪೇಟೆಯಿಂದ ಬೇಗ ಬಂದಿದ್ದರು.

"ಕಣ್ ತೆರೆಸಿದೆ ಕಣಪ್ಪ ಮುನಿಕೃಷ್ಣ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. "ಶಶಿ, ತಪ್ಪು ನಂದೇ. ನೆಲಮಂಗಲ ಬಿಟ್ಟು ನಾಳೆಯಿಂದಾನೇ ಬಂದ್ಬಿಡು. ನಿನ್ ಕುರ್ಚಿ ನಿಂದೇ."

ಶಶಿಕುಮಾರ ಹಾರದ ಸಮೇತ ಬಗ್ಗಿ ಅವರ ಕಾಲು ಮುಟ್ಟಿದ. ಮುನಿಕೃಷ್ಣ ಆಡಬೇಕಾದ ಮಾತನ್ನೆಲ್ಲ ಆಗಲೇ ಮೈಕಿಲ್ಲದೆ ಆಡಿ ಮುಗಿಸಿದ್ದ.

ಮಾಲೀಕರು ಶಾಲಿನ ಅಂಚು ಮುಟ್ಟಿ ನೋಡಿದರು. ಬಿಡಿಸಿದರು. ಹರುಕು ಕಂಡಿತು. ಮತ್ತೆ ಮಡಿಕೆ ಕೂಡಿಸಿದರು, ಮಾಯವಾಯಿತು. "ಎಲಾ! ಇಂಥಾ ಕೈನ ಪ್ಯಾಕಿಂಗ್‌ನಿಂದ ಎಬ್ಬಿಸ್ತಿದ್ನಲ್ಲ ನಾನು! ನೀನು ಅಲ್ಲೇ ಇರಪ್ಪ, ಎಲ್ಲೂ ಕದಲ್ಬೇಡ."

ಶಶಿಕುಮಾರ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಒಂದೇ ಒಂದು ಸಲ ಟಕ್ ಅನ್ನಿಸಿದ. ಪರದೆ ತೆರೆದು ನವಿಲುಗಳು ಸಾಲಾಗಿ ನಿಂತವು.

"ಪಾಸ್‌ವರ್ಡ್ ಏನೋ ಅದು?" ಮುನಿಕೃಷ್ಣನ ದನಿ ಪಾತಾಳದಲ್ಲಿತ್ತು.

"ಇಟ್ಟಿದ್ರೆ ತಾನೇ? ಏನೂ ಬರೀದೆ ಸುಮ್ನೆ ಎಂಟರ್ ಒತ್ತೋದು ಅಷ್ಟೆ."

ಮುನಿಕೃಷ್ಣ ಅನಿತಳ ಕಡೆ ನೋಡಲಿಲ್ಲ. ಅವಳು ತನ್ನ ಬಿಲ್ಲನ್ನು ತಾನು ನೋಡಿಕೊಳ್ಳುತ್ತಿದ್ದಳು. ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಮಮತ.

"ರೀ, ಕುರ್ಚಿ ಗಟ್ಟಿಯಾಯ್ತಾ? ಮೇಲಿನ ಬೀದಿಯೋರು ನಮಗೆ ಕೇಸರಿಬಾತ್ ಕೊಡ್ಲಿಲ್ಲ ಅಂತ ಬೇಜಾರ್ ಮಾಡ್ಕೊಂಡಿದಾರೆ. ರವೆ ಹುರೀತಾ ಇದೀನಿ, ಬರ್ತಾ ಏಲಕ್ಕಿ ತನ್ನಿ."

"ತರ್ತೀನಿ" ಅಂದ ಮುನಿಕೃಷ್ಣ, ಹರಿದ ಸೀರೆಯನ್ನು ಮಡಚುತ್ತ.