ಶೇಡಿ ಬಳಿದ ಕರಿಯ

ಅಂಗೈಯಗಲದ ಒಂದು ಫೋಟೋ ಹೊಸನಗರದ ಕಡೆಯ ಶೇಷಪ್ಪನ ನೆಮ್ಮದಿ ಕೆಡಿಸಿತ್ತು. ಫೋಟೋದಲ್ಲಿದ್ದದ್ದು ಅವನದೇ ಎತ್ತು, ಕರಿಯ. ಹೆಸರಿಗೆ ತಕ್ಕಂತೆ ಕಾವಲಿ ತಳದ ಬಣ್ಣ. ಫೋಟೋದಲ್ಲಿ ಮಾತ್ರ ಹಾಲಿನ ಬಿಳುಪು.

ಬೇಸಿಗೆಯಲ್ಲಿ ಕರಿಯನ ಜೋಡಿ ಎತ್ತು ಸತ್ತಿತ್ತು. ಮಳೆ ಹಿಡಿಯುವುದರೊಳಗೆ ಇನ್ನೊಂದು ಸಿಗದಿದ್ದರೆ ಈ ವರ್ಷ ಗದ್ದೆ ಬೀಳು. ಬ್ಯಾಕೋಡಿನ ಭೂತಪ್ಪ ಎಂಬ ಹಿರಿಯರಲ್ಲಿ ಒಂಟಿ ಎತ್ತಿತ್ತು. ಆದರೆ ಬಣ್ಣ ಹೊಂದುವ ಜೋಡಿಗಷ್ಟೇ ಕೊಡುವುದೆಂದು ಅವರ ಹಟ. ಎತ್ತನ್ನು ಹಿನ್ನೀರು ದಾಟುವ ಲಾಂಚ್ ಹತ್ತಿಸಿ ತಂದು ತೋರಿಸುವ ಫಜೀತಿ ಯಾರಿಗೆ ಬೇಕು? ಹೆಣ್ಣು-ಗಂಡಿನ ಹಾಗೆ ಫೋಟೋ ನೋಡುವುದೆಂದಾಯಿತು. ಅವರದು ಮೊದಲು ಬಂತು. ಎತ್ತು ಅಚ್ಚ ಬಿಳಿ!

ಶೇಷಪ್ಪ ಸಾಗರದ ಸ್ಟುಡಿಯೋದ ಉಮಾಮಹೇಶ್ವರನ ಕಾಲು ಹಿಡಿಯುವುದೊಂದು ಬಾಕಿ.

"ಹೆದರಬೇಡಿ. ಪ್ರಿಂಟ್ ಹಾಕುವಾಗ ಬೆಳಕಿಗೆ ರಟ್ಟಿನ ತುಂಡು ಅಡ್ಡ ಹಿಡಿದ್ರೆ ಆಯ್ತು. ಮರೆಯಾದಲ್ಲಿ ಬೆಳ್ಳಗೆ, ಹೆಚ್ಚು ಬೆಳಕು ಬಿದ್ದಲ್ಲಿ ಕಪ್ಪಗೆ. ಎಷ್ಟೋ ಮದುವೆ ದಾಟಿಸಿದೀನಿ, ಎತ್ತು ಯಾವ ಲೆಕ್ಕ?" ಎಂದ ಅವನು. ಹಿಂದಿನ ಕೊಟ್ಟಿಗೆ ಕಪ್ಪಾಯಿತು, ಕರಿಯ ಬೆಳಗಿದ.

ಭೂತಪ್ಪ ಒಪ್ಪಿದರು. ಒಪ್ಪಿ ಸುಮ್ಮನಿದ್ದರೆ ಚೆನ್ನಾಗಿತ್ತು. ಎತ್ತು ಹೊಡೆದುಕೊಂಡು ಇವತ್ತೇ ಬರುತ್ತಿದ್ದಾರೆಂದು ಬೆಳಗಿನ ಬಸ್ಸಿನವರು ಸುದ್ದಿ ತಂದರು.

"ಈಗೆಂತ ಮಾಡ್ತೀರಿ? ಫೋಟೋನ ಗೂಟಕ್ಕೆ ಕಟ್ತೀರಾ?" ಎಂದಳು ಹೆಂಡತಿ ವೆಂಕಮ್ಮ.

ಪಕ್ಕದ ಮನೆಯ ಜಟ್ಟಿಂಗಪ್ಪ ಆಗಲೇ ಬೇಲಿ ದಾಟಿ ಬಂದಿದ್ದ. ಅವನ ಕೊಟ್ಟಿಗೆಯಲ್ಲೂ ಜೋಡಿಯಿಲ್ಲದ ಎತ್ತೊಂದಿತ್ತು. ಆದರೂ ಅವನಿಗೆ ಸದಾ ಪರರ ಎತ್ತಿನದೇ ಚಿಂತೆ.

"ಗೋಡೆಗೆ ಬಳಿಯೋ ಶೇಡಿ ಇದ್ಯಲ್ಲ ಮಾರಾಯ, ಅದನ್ನೇ ಬಳಿ. ಮುದುಕ್ರಿಗೆ ಎಲ್ಲಿ ಗೊತ್ತಾಗ್ತದೆ!"

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಶೇಷಪ್ಪ ಬಿಳಿಮಣ್ಣು ಕದಡಿ ಬಳಿದ. ಕರಿಯ ಮೈ ಕೊಡವಿದ, ಶೇಷಪ್ಪ ಬೆಳ್ಳಗಾದ. ಮತ್ತೆ ಬಳಿದ. ಕರಿಯ ಪಕ್ಕೆ ನೆಕ್ಕಿಕೊಂಡ. "ಬಾಲ ಬಿಟ್ಟೆ, ಕಿವಿ ಹಿಂದೆ ಬಿಟ್ಟೆ," ಎಂದು ಜಟ್ಟಿಂಗಪ್ಪ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ ತೋರಿಸಿಕೊಟ್ಟ.

ಮಧ್ಯಾಹ್ನಕ್ಕೆ ಭೂತಪ್ಪ ಬಂದರು. ಹಿಂದೆ ಅವರ ಎತ್ತು. ಶೇಷಪ್ಪ ಕಣ್ಣುಜ್ಜಿಕೊಂಡು ನೋಡಿದ. ಅದು ಕರಿಯನಿಗಿಂತ ಕಪ್ಪಾಗಿತ್ತು!

ಭೂತಪ್ಪ ನೆಲ ನೋಡುತ್ತ ಹೇಳಿದರು: "ಸಾಗರದಲ್ಲಿ ಒಬ್ಬ ಉಮಾಮಹೇಶ್ವರ ಇದಾನೆ. ಬೆಳ್ಳಗಿದ್ರೆ ಜನ ಬೇಗ ಒಪ್ತಾರೆ ಅಂತ ಹಾಗೆ ಮಾಡ್ಕೊಟ್ಟ. ನಿಮ್ಮದೂ ಹಾಗೇ ಇರಬಹುದು ಅಂದ್ಕಂಡು ಬಂದೆ. ನೋಡಿದ್ರೆ ನಿಜವಾಗ್ಲೂ ಬಿಳಿ. ಹೊಂದೋದಿಲ್ಲ ಬಿಡಿ, ವಾಪಸ್ ಹೊಡ್ಕಂಡು ಹೋಗ್ತೀನಿ."

"ಹೊಂದ್ತದೆ! ಹೊಂದ್ತದೆ!" ಶೇಷಪ್ಪ ಕುಣಿದೇಬಿಟ್ಟ. ಹಂಡೆಯ ನೀರನ್ನು ಕರಿಯನ ಮೇಲೆ ಸುರಿದ. ಬಿಳುಪೆಲ್ಲ ಅಂಗಳಕ್ಕಿಳಿಯಿತು. "ನೋಡಿ, ಒಂದೇ ಬಣ್ಣ! ಅದೇ ಉಮಾಮಹೇಶ್ವರ, ಅದೇ ರಟ್ಟು!"

ಭೂತಪ್ಪನವರ ಮುಖ ಗಂಟಾಯಿತು. "ಇಂಥಾ ಮೋಸಗಾರನ ಮನೆಗೆ ನನ್ನ ಎತ್ತು ಕೊಡಲ್ಲ."

"ಅಲ್ಲ ಭೂತಪ್ಪನೋರೆ, ನೀವೂ ಅದನ್ನೇ ಮಾಡಿದ್ರಲ್ಲ!"

"ನಾನು ಕಾಗದಕ್ಕೆ ಬಳಿಸಿದ್ದು. ನೀನು ಎತ್ತಿಗೇ ಬಳಿದ್ಯಲ್ಲೋ!"

ಅವರು ಹಗ್ಗ ಎಳೆದುಕೊಂಡು ಹೊರಟೇಬಿಟ್ಟರು. ಪಟ್ಟೆಪಟ್ಟೆಯಾಗಿ ನಿಂತ ಕರಿಯ ಉಳಿದ ಶೇಡಿಯನ್ನು ನೆಕ್ಕುತ್ತಿದ್ದ.

ಬೇಲಿಬಾಗಿಲ ದಣಪೆಯ ಬಳಿ ಜಟ್ಟಿಂಗಪ್ಪ ಎಲೆಯಡಿಕೆ ಉಗಿದು, ಹೆಗಲ ಮೇಲಿನ ಟವೆಲ್ ತೆಗೆದು, ವಿನಯದಿಂದ ಅಡ್ಡ ನಿಂತಿದ್ದ.

"ನಮ್ಮ ಕೊಟ್ಟಿಗೇಲೂ ಒಂದು ಕರಿ ಎತ್ತಿದೆ, ಬಂದು ನೋಡಿ ಭೂತಪ್ಪನೋರೆ. ಅದರ ಫೋಟೋ ತೆಗೆಸಿಲ್ಲ."