ಒಂದು ನಿಮಿಷದಲ್ಲಿ ಎಷ್ಟು ಕಾಲಿಗೆ ಬೀಳಬಹುದು?

ಹರಪನಹಳ್ಳಿಯಲ್ಲಿ ಇಪ್ಪತ್ತು ವರ್ಷ ಶಾಲಾ ವಾರ್ಷಿಕೋತ್ಸವಗಳಿಗೆ ಡಾನ್ಸ್ ಕಲಿಸಿದವನಿಗೆ, ಮಕ್ಕಳನ್ನು ಸಿನಿಮಾ, ಟಿವಿಗೆ ತಯಾರು ಮಾಡುವುದು ಯಾವ ಮಹಾ ಕೆಲಸ ಎಂದುಕೊಂಡೆ. ಬೀಜದ ಅಂಗಡಿಯ ಮೇಲಿನ ನಮ್ಮ ಕ್ಲಾಸಿಗೆ 'ವೃತ್ತಿಪರ ನೃತ್ಯ ತರಬೇತಿ ಕೇಂದ್ರ' ಎಂದು ಫ್ಲೆಕ್ಸ್ ಕಟ್ಟಿಸಿದೆ. ಅದರಲ್ಲಿ ನನ್ನ ಫೋಟೊ ಮಕ್ಕಳಿಗಿಂತ ದೊಡ್ಡದಿತ್ತು.

"ನೀವು ಶೂಟಿಂಗ್ ಎಂದಾರ ನೋಡೀರೇನು?" ಎಂದು ಹೆಂಡತಿ ಗಿರಿಜಾ ಕೇಳಿದಳು.

"ನೋಡೋದೇನೈತಿ? ಕುಣಿಯೋದು ಎಲ್ಲಾ ಕಡಿ ಒಂದ."

ಆರು ಹುಡುಗಿಯರು ಸೇರಿದರು. ಅವರಲ್ಲಿ ಪಕ್ಕದ ತೆಲಿಗಿ ಊರಿನ ರೇಖಾ ಚೆನ್ನಾಗಿ ಕುಣಿಯುತ್ತಿದ್ದಳು. ಉಳಿದವರು ನಾನು ಕಲಿಸಿದಂತೆ ಕುಣಿಯುತ್ತಿದ್ದರು. ದಾವಣಗೆರೆಯಲ್ಲಿ ಟಿವಿ ಕಾರ್ಯಕ್ರಮದ ಗುಂಪು ನೃತ್ಯಕ್ಕೆ ಆಯ್ಕೆ ನಡೆಯುತ್ತದೆಂದು ತಿಳಿದಾಗ ರೇಖಾಳ ಅಪ್ಪ ಬಸವರಾಜಪ್ಪ ಕ್ಲಾಸಿಗೇ ಬಂದರು.

"ಮಾಸ್ತರ, ಇದೊಂದ ಸಲ. ಆಗ್ಲಿಲ್ಲಂದ್ರ ಕುಣಿಯೋದು ಬಂದ್. ಹೊಲಿಗಿ ಕ್ಲಾಸಿಗೆ ಹೆಸರು ಹಚ್ಚೀನಿ."

"ಚಿಂತಿ ಬಿಡ್ರಿ, ನಾ ಅದೀನಲ್ಲ" ಎಂದೆ. ಅವರ ಚಿಂತೆಗೆ ಅದೇ ಕಾರಣವೆಂದು ಹೊಳೆಯಲಿಲ್ಲ.

ಕುಣಿಯುವ ಮೊದಲು ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆಯ ರೂಢಿ. ಅದಕ್ಕೆ 'ವೃತ್ತಿ ಶಿಸ್ತು' ಎಂದು ಹೆಸರಿಟ್ಟು ಒಂದು ವಾರ ತಾಲೀಮು ಮಾಡಿಸಿದೆ. ಯಾರು ಹಿರಿಯರು, ಯಾರಲ್ಲ ಎಂಬ ಗೊಂದಲವೇ ಬೇಡವೆಂದು "ಕಂಡೋರಿಗೆಲ್ಲ ಬೀಳ್ರಿ" ಎಂದೆ.

ಆಯ್ಕೆಯಲ್ಲಿ ಒಂದು ತಂಡಕ್ಕೆ ಒಂದೇ ನಿಮಿಷ. ಹಾಡು ಶುರುವಾಯಿತು. ನನ್ನ ಆರೂ ಶಿಷ್ಯೆಯರು ಸಾಲಾಗಿ ಸ್ಟೇಜಿನಿಂದ ಇಳಿದು ತೀರ್ಪುಗಾರರ ಕಾಲಿಗೆ ಬಿದ್ದರು. ಆಮೇಲೆ ಕ್ಯಾಮೆರಾದವನ ಸರದಿ. ಸ್ಟ್ಯಾಂಡಿನ ಮೂರು ಕಾಲುಗಳ ನಡುವೆ ಅವನ ಎರಡು ಕಾಲು ಹುಡುಕುವುದಕ್ಕೇ ಹೊತ್ತು ಹೋಯಿತು. ಲೈಟಿನವನು ಏಣಿಯ ಮೇಲಿದ್ದ, ಇಳಿಯುವವರೆಗೆ ಕಾದರು. ಚಹಾ ತಂದವನು ತಟ್ಟೆ ಹಿಡಿದು ಹಿಂದೆ ಹಿಂದೆ ಸರಿದ, ಅವನನ್ನೂ ಬಿಡಲಿಲ್ಲ.

ಹಾಡು ಮುಗಿಯಿತು.

"ಮುಂದಿನ ಟೀಮ್ ಬರಲಿ" ಎಂದರು ತೀರ್ಪುಗಾರರಲ್ಲಿದ್ದ ನೃತ್ಯ ನಿರ್ದೇಶಕಿ.

ಬಾಗಿಲಲ್ಲಿದ್ದ ಬಸವರಾಜಪ್ಪ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ.

ರೇಖಾ ಮಾತ್ರ ಕದಲಲಿಲ್ಲ. "ಮೇಡಂ, ಕಾಲಿಗೆ ಬೀಳೋದು ಸರ್ ಕಲಿಸಿದ್ದು. ಕುಣಿಯೋದು ನಂದು. ಅದನ್ನೊಂದೀಟು ನೋಡ್ರಿ."

ನಿರ್ದೇಶಕಿ ನಕ್ಕುಬಿಟ್ಟರು, ಅರ್ಧ ನಿಮಿಷ ಕೊಟ್ಟರು. ಅದು ಮುಗಿಯುವ ಮೊದಲೇ ಸಾಕೆಂದು ಕೈಯೆತ್ತಿ, ರೇಖಾಳ ಹೆಸರು ಬರೆದುಕೊಂಡರು.

"ಇದಕ್ಕ ಅನ್ನೋದು ವೃತ್ತಿಪರ ತರಬೇತಿ" ಎಂದು ಬಸವರಾಜಪ್ಪನವರತ್ತ ತಿರುಗಿದೆ.

"ಹೌದ್ರಿ. ಕುಣಿಯೋ ಹೊತ್ತಿಗೆ ಅದನ್ನೆಲ್ಲ ಮರತಬಿಟ್ಟಳಲ್ಲ, ದೊಡ್ಡ ಉಪಕಾರ ಆತು" ಎಂದರು.

ಇನ್ನು ಶಿಷ್ಯೆ ಬಂದು ಗುರುವಿನ ಪಾದ ಮುಟ್ಟುವುದೊಂದೇ ಬಾಕಿ. ಚಪ್ಪಲಿ ಬಿಟ್ಟು, ಪ್ಯಾಂಟು ಎರಡು ಬೆರಳು ಮೇಲೆತ್ತಿ, ಆಶೀರ್ವಾದದ ಮುಖ ಮಾಡಿಕೊಂಡು ನಿಂತೆ. ರೇಖಾ ಓಡಿ ಬಂದಳು. ನನ್ನನ್ನು ದಾಟಿ ಒಳಕೋಣೆಯ ಕಡೆ ಓಡುತ್ತಲೇ ಹೇಳಿದಳು:

"ಡ್ರೆಸ್ಸಿಗೆ ಅಳತಿ ತಗೊಳಾಕ ಕರದಾರ. ಈಗ ಟೈಮಿಲ್ರೀ, ಸರ್."

ನಮ್ಮ ಕೇಂದ್ರದಿಂದ ಹೊರಬಂದ ಮೊದಲ ವೃತ್ತಿಪರ ನೃತ್ಯಗಾರ್ತಿ ಆಕೆ. ಗುರುಗಳು ಆಗ ಚಪ್ಪಲಿ ಹುಡುಕುತ್ತಿದ್ದರು.