ಬೀಗರಿಗೆ ಮೋಮೊ ತಿನ್ನಿಸಲು ಹೊರಟದ್ದು

ದೊಡ್ಡ ಬೋರ್ಡು ಹಾಕಿದ ಹೋಟೆಲಿನೊಳಕ್ಕೆ ಕಾಲಿಡುವುದು ನನ್ನಿಂದಾಗದ ಕೆಲಸ. ಅದರ ಹಿಂದಿನ ಓಣಿಯಲ್ಲೆಲ್ಲೋ ಒಂದು ಸಣ್ಣ ಅಂಗಡಿ ಇದ್ದೇ ಇರುತ್ತದೆ, ಅಲ್ಲಿ ಇದಕ್ಕಿಂತ ರುಚಿಯಾದದ್ದು ಅರ್ಧ ಬೆಲೆಗೆ ಸಿಗುತ್ತದೆ ಎಂಬುದು ನನ್ನ ನಂಬಿಕೆ. ದೇವರ ಮೇಲಿನ ನಂಬಿಕೆ ಆಗಾಗ ಅಲ್ಲಾಡಿದ್ದುಂಟು, ಇದು ಮಾತ್ರ ಅಲ್ಲಾಡಿಲ್ಲ. ಇದರ ದೆಸೆಯಿಂದ ಮೈಸೂರಿನಲ್ಲಿ ದೋಸೆ ಹುಡುಕುತ್ತ ಕೊನೆಯ ಬಸ್ಸು ತಪ್ಪಿಸಿಕೊಂಡಿದ್ದೇನೆ. ಕೆ.ಆರ್. ನಗರದಲ್ಲಿ ಯಾರದೋ ಗೃಹಪ್ರವೇಶವನ್ನು ಸಣ್ಣ ಹೋಟೆಲೆಂದು ತಿಳಿದು ಪಂಕ್ತಿಯಲ್ಲಿ ಕೂತು, ಪಾಯಸದ ಹೊತ್ತಿಗೆ ಎದ್ದು ಬಂದಿದ್ದೇನೆ. ನನ್ನ ಹೆಂಡತಿ ಸುಶೀಲ ಇದನ್ನು ಕಾಯಿಲೆ ಎನ್ನುತ್ತಾಳೆ. "ಎಲ್ರೂ ಹಸಿವಾದಾಗ ತಿಂತಾರೆ, ನೀವು ಹಸಿವು ಸತ್ತ ಮೇಲೆ ತಿಂತೀರಿ" ಎನ್ನುವುದು ಅವಳ ಹಳೆಯ ಮಾತು. ಅವಳನ್ನೂ ನನ್ನ ಜೊತೆಯಲ್ಲೇ ಓಣಿ ಓಣಿ ಅಲೆಸಿರುವುದರಿಂದ ಆ ಮಾತನ್ನು ಆಡುವ ಹಕ್ಕು ಅವಳಿಗಿದೆ.

ಈ ಕಾಯಿಲೆ ಉಲ್ಬಣಿಸಿದ್ದು ಮಗಳನ್ನು ಗಂಡಿನವರಿಗೆ ತೋರಿಸುವ ದಿನವೇ ಎಂಬುದು ನನ್ನ ಗ್ರಹಚಾರ. ಮಗಳು ರಮ್ಯ ಕೆ.ಆರ್. ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡು ಚೇತನ, ಹೆಗ್ಗಡದೇವನಕೋಟೆಯ ಕಡೆಯವನು, ದನಕರುಗಳ ಆಸ್ಪತ್ರೆಯಲ್ಲಿ ನೌಕರಿ. ತಾಯಿ ಇಲ್ಲದ ಹುಡುಗ. ಅವನ ತಂದೆ ಪುಟ್ಟಸ್ವಾಮಿಗೌಡರು ಶುಂಠಿ, ಹೊಗೆಸೊಪ್ಪು ಬೆಳೆಯುವ ರೈತರು, ಮಾತು ಬಹಳ ಕಡಿಮೆ. ಹುಡುಗನನ್ನು ಸಾಕಿದವರು ಗೌಡರ ಅಕ್ಕ ದ್ಯಾವಮ್ಮ. ಆಯಮ್ಮ ಹೂಂ ಎಂದರೆ ಸಂಬಂಧ, ಊಹೂಂ ಎಂದರೆ ಇಲ್ಲ ಎಂದು ಮಧ್ಯಸ್ಥರು ಮೊದಲೇ ಹೇಳಿದ್ದರು. ಹಿಂದೆ ಬಂದ ಸಂಬಂಧವೊಂದು ಮುರಿದುಹೋದಾಗ ನಮ್ಮ ಹುಣಸೂರಿನ ಬೀದಿಯವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಸುಶೀಲ ಸೋತಿದ್ದಳು. ಆದ್ದರಿಂದ ಈ ಸಲ ಮನೆ ಬೇಡ, ಬೈಲಕುಪ್ಪೆಯ ಟಿಬೆಟ್ ಕ್ಯಾಂಪಿನ ಚಿನ್ನದ ಬುದ್ಧನ ಗುಡಿಯಲ್ಲಿ ಎರಡೂ ಕಡೆಯವರು ಸೇರೋಣ, ಅಲ್ಲಿ ನಮ್ಮನ್ನು ಗುರುತಿಸುವವರಿಲ್ಲ ಎಂದಾಯಿತು.

ಗುಡಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು. ಹುಡುಗ ಹುಡುಗಿ ಹುಲ್ಲುಹಾಸಿನ ಪಕ್ಕದಲ್ಲಿ ನಿಂತು ಮಾತಾಡಿದರು. ರಮ್ಯ ಒಮ್ಮೆ ನಕ್ಕದ್ದನ್ನು ಸುಶೀಲ ನೋಡಿ ನನಗೆ ತೋರಿಸಿದಳು. ಮಧ್ಯಾಹ್ನವಾಯಿತು. ಗೌಡರು ಆ ದಿನದ ತಮ್ಮ ಮೊದಲ ದೀರ್ಘ ವಾಕ್ಯವನ್ನು ಆಡಿದರು: "ಎಲ್ಲಾರ ಒಸಿ ಊಟ ಮಾಡ್ಕಳವ." ಎದುರಿಗೇ ಒಂದು ದೊಡ್ಡ ಹೋಟೆಲಿತ್ತು. ಗಾಜಿನ ಬಾಗಿಲು, ಮಾರುದ್ದದ ಬೋರ್ಡು. ಸುಶೀಲ ಆಗಲೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು: "ಇಲ್ಲಿ ಬೇಡ, ನಂಗೊಂದು ಜಾಗ ಗೊತ್ತು. ಒಬ್ಬ ಅಜ್ಜಿ ಮನೆ ಮುಂದೇನೇ ಮೋಮೊ ಮಾಡ್ತಾರೆ, ನಮ್ಮ ಕಡುಬಿನ ಥರ, ಬಾಯಲ್ಲಿಟ್ರೆ ಕರಗ್ತದೆ. ಬನ್ನಿ, ಇಲ್ಲೇ ಹತ್ತಿರ." ಸುಶೀಲ ಮೆಟ್ಟಿಲಿಂದ ಕಾಲು ತೆಗೆಯುತ್ತ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ನಾನು ಅಲ್ಲಿ ತಿಂದಿದ್ದು ನಿಜ. ಆದರೆ ಅದಾಗಿ ಎಷ್ಟೋ ವರ್ಷವಾಗಿತ್ತು. ಆಗ ಸ್ನೇಹಿತನೊಬ್ಬ ಬೈಕಿನಲ್ಲಿ ಕರೆದೊಯ್ದಿದ್ದ, ದಾರಿಯನ್ನು ನೋಡಿದವನು ಅವನು, ನಾನು ನೋಡಿದ್ದು ಅವನ ಬೆನ್ನನ್ನು. ಈಗ ನೋಡಿದರೆ ಎಲ್ಲ ಮನೆಗೂ ಅದೇ ಬಣ್ಣಬಣ್ಣದ ಬಾವುಟ, ಅದೇ ಶೀಟಿನ ಚಾವಣಿ. ಎದುರು ಬಂದ ಒಬ್ಬ ಭಿಕ್ಷುವನ್ನು ನಾನು ಕೈಸನ್ನೆ ಮಾಡಿ, ಹರಕು ಹಿಂದಿಯಲ್ಲಿ ಅಜ್ಜಿಯ ಮೋಮೊ ಎಲ್ಲಿ ಎಂದು ಕೇಳಿದೆ. ಆತ ಶಾಂತವಾಗಿ, ಪಿರಿಯಾಪಟ್ಟಣದ ಸಂತೆಯಲ್ಲಿ ಕೇಳಬಹುದಾದಂಥ ಕನ್ನಡದಲ್ಲಿ, "ಯಾವ್ ಅಜ್ಜಿ ಸ್ವಾಮಿ? ಇಲ್ಲಿ ಎಲ್ಲಾ ಮನೇಲೂ ಅಜ್ಜಿ ಅವ್ರೆ" ಎಂದ. ಗೌಡರು ಕೆಮ್ಮಿದರು. ಅದು ನಗುವೋ ಕೋಪವೋ ತಿಳಿಯಲಿಲ್ಲ.

ಅಲ್ಲಿಗಾದರೂ ನಾನು ಸೋಲೊಪ್ಪಿಕೊಂಡು ಹಿಂದಿರುಗಬಹುದಿತ್ತು. ಸೋಲೊಪ್ಪಿಕೊಳ್ಳುವವರಿಗೆ ಈ ಕಾಯಿಲೆ ಬರುವುದಿಲ್ಲ. ಒಂದು ಅಂಗಡಿ ಸಿಕ್ಕಿತು, ಒಳಗೆ ಹೋಗಿ ಬೆಲೆ ಕೇಳಿ, ಗುಡಿಯೆದುರಿನ ಹೋಟೆಲಿಗಿಂತ ಹೆಚ್ಚೇನೂ ಕಮ್ಮಿ ಇಲ್ಲವೆಂದು ಹೊರಗೆ ಬಂದೆ. "ಅಲ್ಲಿ ಅಷ್ಟು ಚೆನ್ನಾಗಿಲ್ಲ" ಎಂದೆ. ಮುಂದಿನದು ಸಂಜೆಗೆ ತೆರೆಯುವ ಅಂಗಡಿ. ಬಿಸಿಲು ನೆತ್ತಿಗೆ ಬಂದಿತ್ತು. "ಇನ್ನೂ ಎಷ್ಟು ದೂರಾನಪ್ಪಾ?" ಎಂದರು ದ್ಯಾವಮ್ಮ. "ಆ ತಿರುವು ದಾಟಿದ್ರೆ ಬಂತು" ಎಂದೆ. ತಿರುವಿನಾಚೆ ಜೋಳದ ಹೊಲವಿತ್ತು.

ನಾನು ಹೊಲವನ್ನು ನೋಡುತ್ತ ನಿಂತಿದ್ದಾಗ ಹಿಂದಿನಿಂದ ಸುಶೀಲ ಕೂಗಿದಳು. ದ್ಯಾವಮ್ಮ ಮೋರಿಕಟ್ಟೆಯ ಮೇಲೆ ಕುಸಿದು ಕೂತಿದ್ದರು. ಮುಖವೆಲ್ಲ ಬೆವರು, ಕೈ ನಡುಗುತ್ತಿತ್ತು. "ಅಕ್ಕಂಗೆ ಸಕ್ಕರೆ ಕಾಯಿಲೆ ಕಣ್ರೀ! ಬೆಳಗ್ಗೆ ಮಾತ್ರೆ ನುಂಗವ್ಳೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ಹಿಂಗಾಯ್ತದೆ" ಎಂದರು ಗೌಡರು. ಅವರ ದನಿಯಲ್ಲಿ ಭಯವಿತ್ತು. ನರ್ಸು ಮಗಳಿದ್ದಾಳಲ್ಲ ಎಂದು ಧೈರ್ಯ ತಂದುಕೊಂಡು ತಿರುಗಿ ನೋಡಿದರೆ ರಮ್ಯ ಇಲ್ಲ. ಹುಡುಗನೂ ಇಲ್ಲ. "ಮಕ್ಳೆಲ್ರೀ?" ಎಂದಳು ಸುಶೀಲ. ಗೌಡರು ನನ್ನನ್ನೇ ನೋಡಿದರು, ಅವರ ಮಗನನ್ನು ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಎಂಬಂತೆ.

ಪಕ್ಕದ ಮನೆಯ ಬಾಗಿಲು ಬಡಿದೆ. ಹೊರಬಂದ ಹೆಂಗಸಿಗೆ, "ಸುಸ್ತಾಗಿ ಕೂತಿದ್ದಾರೆ, ಏನಾದ್ರೂ ಕೊಡಿ ತಾಯಿ" ಎಂದೆ. ಆಕೆ ಪಾಪ, ತಕ್ಷಣ ಒಂದು ಲೋಟ ಬಿಸಿ ಚಹಾ ತಂದರು. ದ್ಯಾವಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿ, "ಉಪ್ಪು!" ಎಂದು ನರಳಿದರು. ಅದು ಟಿಬೆಟಿನವರ ಉಪ್ಪು ಹಾಕಿದ ಬೆಣ್ಣೆ ಚಹಾ. ನಾನು "ಸಕ್ಕರೆ, ಸಕ್ಕರೆ" ಎಂದು ಕೂಗುತ್ತ ಮತ್ತೆ ಓಡಿದೆ. ಆ ಹೆಂಗಸು "ಮೊದ್ಲೇ ಹೇಳಬಾರ್ದಾ?" ಎನ್ನುತ್ತ ಡಬ್ಬಿ ತೆಗೆಯುವಷ್ಟರಲ್ಲಿ, ಮನೆಯ ಹಿಂದಿನ ಸಂದಿಯಿಂದ ರಮ್ಯ ಓಡಿಬಂದಳು. ಅವಳ ಕೈಯಲ್ಲಿ ಕಾಗದದ ಪೊಟ್ಟಣ. ಹಿಂದೆಯೇ ಚೇತನ, ಎರಡು ಕೈಯಲ್ಲೂ ಹಬೆಯಾಡುವ ತಟ್ಟೆ. ರಮ್ಯ ಪೊಟ್ಟಣದ ಸಕ್ಕರೆಯನ್ನು ದ್ಯಾವಮ್ಮನ ಬಾಯಿಗೆ ಹಾಕಿ, ಕೈ ಹಿಡಿದು ನಾಡಿ ನೋಡುತ್ತ ಕೂತಳು. ಗೌಡರು ಟವೆಲಿನಿಂದ ಅಕ್ಕನಿಗೆ ಗಾಳಿ ಹಾಕುತ್ತಿದ್ದರು. ಅಷ್ಟು ಹೊತ್ತೂ ಮೋಮೊ ಎಂಬ ಪದ ನನ್ನ ನೆನಪಿಗೇ ಬರಲಿಲ್ಲ.

ಬೆವರು ಇಳಿಯಿತು. ಕೈ ನಡುಕ ನಿಂತಿತು. ದ್ಯಾವಮ್ಮ ಕಣ್ಣು ಬಿಟ್ಟು ಮೊದಲು ನೋಡಿದ್ದು ತಟ್ಟೆಯನ್ನು. "ಒಳಗೇನೈತ್ಲಾ?" ಎಂದರು ಹುಡುಗನನ್ನು. "ಕೋಸು ಕಣತ್ತೆ, ತಿನ್ನು" ಎಂದ. ಆಮೇಲೆ ತಿಳಿಯಿತು, ನಾನು ಮೊದಲ ಅಂಗಡಿಯಲ್ಲಿ ಬೆಲೆ ವಿಚಾರಿಸುತ್ತಿದ್ದಾಗಲೇ ದ್ಯಾವಮ್ಮನ ಕೈ ನಡುಗುವುದನ್ನು ರಮ್ಯ ಕಂಡಿದ್ದಳು. ಚೇತನನಿಗೆ ಹೇಳಿದ್ದಳು. ಹಿರಿಯರಿಗೆ ಹೇಳಿದರೆ ಅದೊಂದು ಚರ್ಚೆಯಾಗುತ್ತದೆಂದು ಇಬ್ಬರೂ ಸದ್ದಿಲ್ಲದೆ ಓಡಿದ್ದರು. ಹಿಂದಿನ ಬೀದಿಯಲ್ಲೇ ಒಂದು ಮನೆ, ಮನೆ ಮುಂದೆ ಒಲೆ, ಒಲೆಯ ಮುಂದೆ ಒಬ್ಬ ಅಜ್ಜಿ.

ಎಲ್ಲರೂ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂತು ತಿಂದೆವು. ತೆಳ್ಳಗಿನ ಹೊದಿಕೆ, ಒಳಗೆ ರಸ, ಜೊತೆಗೆ ಕಣ್ಣಲ್ಲಿ ನೀರು ತರಿಸುವ ಕೆಂಪು ಚಟ್ನಿ. ದುಡ್ಡು ಕೊಡಲು ಎದ್ದರೆ ಚೇತನ ಆಗಲೇ ಕೊಟ್ಟಿದ್ದ. ಸುಮ್ಮನಿರಲಾರದೆ ಅವನ ಕಿವಿಯಲ್ಲಿ ತಟ್ಟೆಗೆಷ್ಟೆಂದು ಕೇಳಿದೆ. ಅವನು ಹೇಳಿದ. ದೊಡ್ಡ ಹೋಟೆಲಿನ ಅರ್ಧ! ಆ ದಿನ, ಆ ಸ್ಥಿತಿಯಲ್ಲಿ, ನನಗೆ ಸಂತೋಷವಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಗೌಡರು ಕಾರು ಹತ್ತುವಾಗ "ತಿಳಿಸ್ತೀವಿ" ಎಂದರು, ಅಷ್ಟೇ.

ಅದಾದ ಮೇಲೆ ಫೋನಿಲ್ಲ. ಒಂದು ವಾರ ಸುಶೀಲ ನನ್ನ ಜೊತೆ ಮಾತಾಡಿದ್ದು ಗ್ಯಾಸು, ಹಾಲು, ನೀರಿನ ವಿಷಯ ಮಾತ್ರ. ರಮ್ಯಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಫೋನು ಬಡಿದುಕೊಂಡಾಗಲೆಲ್ಲ ಮೂವರೂ ಬೆಚ್ಚುತ್ತಿದ್ದೆವು. ಕಡೆಗೆ ಒಂದು ಬೆಳಿಗ್ಗೆ ದ್ಯಾವಮ್ಮನೇ ಫೋನು ಮಾಡಿದರು. ಮೂವರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. "ಬೀಗ್ರೇ, ನಾನು ಕಣ್ರೀ" ಎಂದರು. ಬೀಗ್ರೇ ಎಂಬ ಪದ ಕೇಳಿದ್ದೇ ಸುಶೀಲ ಗೋಡೆಗೆ ಒರಗಿದಳು. "ನಿಮ್ಮ ಹುಡ್ಗಿ ಬಂಗಾರ ಕಣ್ರಪ್ಪ. ನಂಗೆ ಒಪ್ಗೆ, ಹುಡ್ಗನ್ಗೂ ಒಪ್ಗೆ. ಒಂದೇ ಒಂದು ಮಾತು ನಡೆಸ್ಕೊಡ್ಬೇಕು."

ಕಾರು ಕೇಳುತ್ತಾರೋ, ಬಂಗಾರವೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಹೇಳಿ ಅಮ್ಮ" ಎಂದೆ.

"ಮದ್ವೆ ಊಟ ಹೆಣ್ಣಿನ ಕಡೆಯೋರ್ದು ಅಂತಾರೆ, ಬ್ಯಾಡ. ಅದ್ನ ನಮ್ಗೇ ಬುಟ್ಬುಡಿ. ಅಡ್ಗೆಯೋರ್ನ ಹುಡ್ಕಾಕೆ ನೀವು ಮಾತ್ರ ಓಗ್ಬ್ಯಾಡಿ. ನಮ್ಮ ನೆಂಟ್ರಲ್ಲಿ ಸಕ್ಕರೆ ಕಾಯ್ಲೆಯೋರು ಬಾಳ ಜನ ಅವ್ರೆ."

ಸುಶೀಲ ಸೆರಗಿನಿಂದ ಮುಖ ಮುಚ್ಚಿಕೊಂಡಳು. ರಮ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಗುತ್ತಿದ್ದುದು ನನಗೆ ಕೇಳಿಸಿತು. ನಾನು "ಆಗಲಿ ಅಮ್ಮ" ಎಂದುಬಿಟ್ಟೆ. ಅಷ್ಟು ಬೇಗ ಒಪ್ಪಿಕೊಂಡದ್ದೇ ಅವಮಾನ, ಎರಡು ಸಲವಾದರೂ ಬೇಡ ಬೇಡ ಅನ್ನಬೇಕಿತ್ತು ಎಂದು ಸುಶೀಲ ಇವತ್ತಿಗೂ ಬಯ್ಯುತ್ತಾಳೆ. ಅನ್ನಬೇಕೆಂದು ನನಗೂ ಗೊತ್ತಿತ್ತು. ಆದರೆ ಊಟದ ಖರ್ಚು ತಮ್ಮದೆಂದು ಅವರು ಮೂರನೆಯ ಸಲ ಹೇಳದೇ ಹೋಗಿದ್ದರೆ?